ಅವನಿಗೆ ತಿಳಿಯದಿದ್ದರೆ ನಷ್ಟವೇನು?

'ನಾನು ಹೇಳಿದ್ದು ಅವನ ಕಿವಿಗೆ ಬಿದ್ದಿಲ್ಲ, ಅವನಿಗೆ ನೋವೂ ಆಗಿಲ್ಲ. ಹಾಗಿರುವಾಗ ತಪ್ಪೇನು?' ಪರದೂಷಣೆ ಮಾಡುವ ಅನೇಕರು ಹೀಗೆಂದು ತಮ್ಮನ್ನು ತಾವೇ ಸಮಾಧಾನಪಡಿಸಿಕೊಳ್ಳುತ್ತಾರೆ. ಇತರರ ಪತ್ರವನ್ನು ಕದ್ದು ಓದುವವನದ್ದೂ ತೂಕದಲ್ಲಿ ವಂಚಿಸುವವನದ್ದೂ ಇದೇ ನೆಪ. ಇದು ಸರಿಯೇ ಎಂದು ಪರಿಶೀಲಿಸೋಣ.

ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 12ನೇ ಸೂಕ್ತವು ಅತಿಯಾದ ಗುಮಾನಿ, ಗೂಢಚರ್ಯೆ ಮತ್ತು ಪರದೂಷಣೆಗಳನ್ನು ಒಟ್ಟಿಗೆ ನಿಷೇಧಿಸಿದೆ. ಈ ಮೂರೂ ಸಾಮಾನ್ಯವಾಗಿ ಸಂಬಂಧಪಟ್ಟ ವ್ಯಕ್ತಿಗೆ ತಿಳಿಯದಂತೆ ನಡೆಯುವಂಥವು. ಅಲ್ಲಿ ಪರದೂಷಣೆಯನ್ನು ಮೃತ ಸಹೋದರನ ಮಾಂಸ ತಿನ್ನುವುದಕ್ಕೆ ಹೋಲಿಸಲಾಗಿದೆ. ಈ ಹೋಲಿಕೆಯ ಕುರಿತು ಸ್ವಲ್ಪ ಚಿಂತಿಸಿರಿ. ಮೃತನು ತನ್ನನ್ನು ರಕ್ಷಿಸಿಕೊಳ್ಳಲು ಕೈ ಎತ್ತಲಾರ. 'ಅವನಿಗೆ ತಿಳಿಯುವುದಿಲ್ಲವಲ್ಲ' ಎಂದು ಆ ಕೃತ್ಯವನ್ನು ಯಾರಾದರೂ ಸಮರ್ಥಿಸುವರೇ? ಅವನ ಅಸಹಾಯಕತೆಯೇ ಅದನ್ನು ಇನ್ನಷ್ಟು ಹೀನವಾಗಿಸುತ್ತದೆ. ಎದುರಿಗಿಲ್ಲದವನ ಸ್ಥಿತಿಯೂ ಹಾಗೆಯೇ. ಅವನು ಉತ್ತರ ಕೊಡಲಾರ.

'ನಾನು ಹೇಳಿದ್ದು ನಿಜವಲ್ಲವೇ?' ಎಂಬ ವಾದಕ್ಕೂ ಉತ್ತರವಿದೆ. ಇರುವ ದೋಷವನ್ನು ಹೇಳಿದರೆ ಅದು ಪರದೂಷಣೆ, ಇಲ್ಲದ್ದನ್ನು ಹೇಳಿದರೆ ಸುಳ್ಳಾರೋಪ ಎಂದು ಪ್ರವಾದಿ(ಸ)ರು ಕಲಿಸಿದ್ದನ್ನು ಸಹೀಹ್ ಮುಸ್ಲಿಮ್‌ನಲ್ಲಿ ಕಾಣಬಹುದು.

ಇನ್ನು ನಷ್ಟದ ವಿಷಯ. ಒಬ್ಬ ಬಡ ವ್ಯಾಪಾರಿಯ ಬಗ್ಗೆ ಯಾರೋ ಹಗುರವಾಗಿ ಮಾತಾಡುತ್ತಾರೆ. ಮರುದಿನದಿಂದ ಅವನಿಗೆ ಸಾಲಕ್ಕೆ ಸಾಮಾನು ಸಿಗುವುದಿಲ್ಲ. ಕಾರಣವೇನೆಂದು ಅವನಿಗೆ ಕೊನೆಯವರೆಗೂ ತಿಳಿಯುವುದಿಲ್ಲ. ತಿಳಿದಿದ್ದರೆ ಸಮಜಾಯಿಷಿಯನ್ನಾದರೂ ಕೊಡುತ್ತಿದ್ದ. ತಿಳಿಯದಿದ್ದುದರಿಂದ ಅವನ ನಷ್ಟ ಕಡಿಮೆಯಾಗಲಿಲ್ಲ, ಪರಿಹಾರದ ದಾರಿಯೇ ಮುಚ್ಚಿಹೋಯಿತು.

ಹೊರಗೆ ಕಾಣುವ ಯಾವ ನಷ್ಟವೂ ಆಗದಿದ್ದರೆ? ಒಬ್ಬಾತ ಪ್ರವಾದಿ(ಸ)ರ ಕೋಣೆಯೊಳಕ್ಕೆ ರಂಧ್ರದ ಮೂಲಕ ಇಣುಕಿದಾಗ ಅವರು ಅದನ್ನು ಕಠಿಣವಾಗಿ ಖಂಡಿಸಿದರು. ಅನುಮತಿ ಕೇಳುವ ನಿಯಮವಿರುವುದೇ ದೃಷ್ಟಿಯ ಕಾರಣಕ್ಕಾಗಿ ಎಂದು ತಿಳಿಸಿದರು. ಈ ಘಟನೆ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಇಣುಕಿದವನು ಏನನ್ನೂ ಕದ್ದಿರಲಿಲ್ಲ. ಆದರೂ ಮನೆಯವರ ಹಕ್ಕನ್ನು ಮುರಿದಿದ್ದ. ಇತರರ ಮೊಬೈಲಿನ ಸಂದೇಶಗಳನ್ನು ಗುಟ್ಟಾಗಿ ಓದುವವರು ಇದನ್ನು ನೆನಪಿಡಬೇಕು.

ಆದರೆ ಎಲ್ಲ ಮಾತೂ ನಿಷಿದ್ಧವಲ್ಲ. ಫಾತಿಮಾ ಬಿಂತ್ ಕೈಸ್(ರ) ತಮಗೆ ಬಂದ ವಿವಾಹ ಪ್ರಸ್ತಾಪಗಳ ಬಗ್ಗೆ ಸಲಹೆ ಕೇಳಿದಾಗ ಪ್ರವಾದಿ(ಸ)ರು ಆ ಇಬ್ಬರ ವಿಷಯದಲ್ಲಿ ಇದ್ದುದನ್ನು ಇದ್ದಂತೆ ಹೇಳಿದರು. ಸಲಹೆ ಕೇಳಿದವರಿಗೆ ಅಗತ್ಯವಿದ್ದಷ್ಟು ಹೇಳುವುದು ಹಿತಚಿಂತನೆ. ಅದರಾಚೆ ನಾಲಿಗೆ ಚಾಚಿದರೆ ಅದು ಪರದೂಷಣೆ.

ತಪ್ಪು ಮಾಡಿದವನು ಈಗೇನು ಮಾಡಬೇಕು? ಹಣದ ವಿಷಯವಾದರೆ ಮಾಲಕನಿಗೆ ತಿಳಿದಿರಲಿ, ತಿಳಿಯದಿರಲಿ, ಹಿಂತಿರುಗಿಸಲೇಬೇಕು. ಅವನು ತೀರಿಕೊಂಡಿದ್ದರೆ ವಾರಸುದಾರರಿಗೆ ಕೊಡಬೇಕು. ಪರದೂಷಣೆಯ ವಿಷಯದಲ್ಲಿ ಕೆಲವು ವಿದ್ವಾಂಸರು, ಅವನಲ್ಲಿಗೆ ಹೋಗಿ ಕ್ಷಮೆ ಕೇಳಬೇಕು ಎಂದಿದ್ದಾರೆ. ಇಬ್ನು ತೈಮಿಯ್ಯಾ(ರ) ಮತ್ತು ಅವರ ಶಿಷ್ಯ ಇಬ್ನುಲ್ ಕಯ್ಯಿಮ್(ರ)ರ ಅಭಿಪ್ರಾಯ ಬೇರೆ. ಮಾತು ಅವನಿಗೆ ತಲಪಿಲ್ಲವಾದರೆ ಹೋಗಿ ಹೇಳುವುದರಿಂದ ಹೊಸ ನೋವು ಮತ್ತು ಹಗೆತನ ಹುಟ್ಟುತ್ತದೆ. ಆದ್ದರಿಂದ ಅವನಿಗಾಗಿ ಪ್ರಾರ್ಥಿಸಬೇಕು, ದೂಷಿಸಿದ ಸಭೆಯಲ್ಲೇ ಅವನ ಒಳಿತನ್ನು ಹೇಳಬೇಕು. ಅಂದರೆ ಅವನಿಗೆ ತಿಳಿಯದಿರುವುದು ಪ್ರಾಯಶ್ಚಿತ್ತದ ವಿಧಾನವನ್ನು ಬದಲಿಸಬಹುದು, ಆದರೆ ಸಾಲವನ್ನು ಮನ್ನಾ ಮಾಡುವುದಿಲ್ಲ.

ನಮಾಝ್, ಉಪವಾಸ, ಝಕಾತ್‌ಗಳೊಂದಿಗೆ ಬಂದರೂ ಜನರನ್ನು ಬೈದು, ಆರೋಪ ಹೊರಿಸಿ, ಅವರ ಸೊತ್ತು ತಿಂದ ಕಾರಣಕ್ಕೆ ತನ್ನ ಪುಣ್ಯವನ್ನೆಲ್ಲ ಅವರಿಗೆ ಕೊಟ್ಟು ಬರಿಗೈಯಾಗುವವನೇ ನಿಜವಾದ ದಿವಾಳಿಕೋರ ಎಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ಇಲ್ಲಿ ಏನೂ ಅರಿಯದೆ ಹೋದವನು ಅಂದು ತನ್ನ ಹಕ್ಕನ್ನು ಪಡೆಯುತ್ತಾನೆ. ಲೆಕ್ಕ ತೀರಿಸಲು ದೀನಾರ್, ದಿರ್ಹಮ್ ಇಲ್ಲದ ಆ ದಿನ ಬರುವ ಮುನ್ನವೇ ನಮ್ಮ ಲೆಕ್ಕವನ್ನು ನಾವೇ ಸರಿಪಡಿಸಿಕೊಳ್ಳೋಣ.