ಮಗುವಿನ ತಲೆಯಲ್ಲಿ ನೀರು ನಿಂತಾಗ

ಮಿದುಳಿನ ಕುಹರಗಳಲ್ಲಿ ತಿಳಿನೀರು ಸದಾ ಉತ್ಪತ್ತಿಯಾಗಿ, ಹರಿದು ರಕ್ತವನ್ನು ಸೇರುತ್ತದೆ. ದೊಡ್ಡವರಲ್ಲಿ ದಿನಕ್ಕೆ ಸುಮಾರು 500 ಮಿಲಿಲೀಟರು. ಹಿಮ್ಮಿದುಳಿನಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆದು ಆ ದಾರಿಯನ್ನು ಮುಚ್ಚಿದರೆ ನೀರು ನಿಂತು ಮಿದುಳನ್ನು ಒತ್ತುತ್ತದೆ. ನಿಮ್ಮ ಮಗು ಬೆಳಗ್ಗೆ ಎದ್ದೊಡನೆ ತಲೆನೋವೆಂದು ಅಳುತ್ತ ವಾಂತಿ ಮಾಡಿದರೆ, ನಡೆಯುವಾಗ ತೂರಾಡಿದರೆ, ಪಿತ್ತವೆಂದೋ ದೃಷ್ಟಿ ತಗಲಿತೆಂದೋ ಎಣಿಸಿ ದಿನ ಕಳೆಯಬೇಡಿರಿ. ಒತ್ತಡದಿಂದ ಕಣ್ಣಿನ ನರ ಸತ್ತರೆ ನೋಟ ಮರಳದು.

ಅನೇಕ ಮಕ್ಕಳಲ್ಲಿ ಶಸ್ತ್ರಚಿಕಿತ್ಸೆಯಿಂದ ಗಡ್ಡೆಯನ್ನು ತೆಗೆದ ಬಳಿಕ ನೀರಿನ ದಾರಿ ತೆರೆಯುತ್ತದೆ. ಉಳಿದವರಿಗೆ ಚರ್ಮದಡಿಯಲ್ಲಿ ಸಣ್ಣ ಕೊಳವೆಯನ್ನಿಳಿಸಿ ನೀರನ್ನು ತಲೆಯಿಂದ ಹೊಟ್ಟೆಯ ಕುಹರಕ್ಕೆ ಹರಿಸುವರು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಈ ಚಿಕಿತ್ಸೆಯುಂಟು. ಕೊಳವೆಯಿಂದ ಗಡ್ಡೆ ವಾಸಿಯಾಗದು; ಅದರ ಚಿಕಿತ್ಸೆಯನ್ನು ನಡುವೆ ಬಿಡಬಾರದು. ಕೊಳವೆ ಕಟ್ಟಿಕೊಂಡರೆ ವಾಂತಿ, ಮಂಪರು ಮರಳುವವು. ಆಗ ನಡುರಾತ್ರಿಯಾದರೂ ಮಗುವನ್ನು ಆಸ್ಪತ್ರೆಗೆ ಕರೆತನ್ನಿರಿ.