ಒಂದು ಕಡೆ ಉಬ್ಬಿದ ಶ್ವಾಸಕೋಶ: ಆಪರೇಷನ್ ಯಾವಾಗ?

ಮೂರು ತಿಂಗಳ ಮಗುವಿನ ಎಕ್ಸ್‌ರೇಯಲ್ಲಿ ಎಡ ಶ್ವಾಸಕೋಶ ವಿಪರೀತ ಉಬ್ಬಿದೆ, ಆಪರೇಷನ್ ಬೇಕೇಬೇಕೆ ಎಂಬುದು ತಾಯಿಯೊಬ್ಬರ ಆತಂಕ.

ಈ ವಯಸ್ಸಿನಲ್ಲಿ ಮೊದಲ ಅನುಮಾನ ಹುಟ್ಟಿನಿಂದ ಬಂದ ದೋಷದ ಮೇಲೆ. ಶ್ವಾಸನಾಳದ ಕವಲಿನ ಮೃದ್ವಸ್ಥಿ ದುರ್ಬಲವಾಗಿದ್ದರೆ ಗಾಳಿ ಒಳಹೋಗುತ್ತದೆ. ಹೊರಬರುವಾಗ ನಾಳ ಕುಸಿದು ಗಾಳಿ ಒಳಗೇ ಉಳಿಯುತ್ತದೆ. ಉಬ್ಬಿದ ಭಾಗ ಹೃದಯವನ್ನೂ ಪಕ್ಕಕ್ಕೆ ಒತ್ತುತ್ತದೆ. ಹೆಚ್ಚಾಗಿ ತುತ್ತಾಗುವುದು ಎಡ ಶ್ವಾಸಕೋಶದ ಮೇಲಿನ ಹಾಲೆ (ಭಾಗ).

ಅಂಬೆಗಾಲಿಡುವ ಮಕ್ಕಳಲ್ಲಿ ಶ್ವಾಸನಾಳದಲ್ಲಿ ಕಡಲೆಬೀಜ ಸಿಕ್ಕಿಕೊಂಡರೂ ಇದೇ ಚಿತ್ರ. ಅದನ್ನು ಸಾಮಾನ್ಯವಾಗಿ ನಾಳದೊಳಗೆ ಇಳಿಸುವ ಬ್ರಾಂಕೋಸ್ಕೋಪ್‌ನಿಂದಲೇ ತೆಗೆಯಬಹುದು.

ಎಕ್ಸ್‌ರೇ ಮೋಸ ಮಾಡುವುದೂ ಉಂಟು. ಶ್ವಾಸಕೋಶದ ಹೊರಗೆ ಗಾಳಿ ಸೇರಿದೆಯೆಂದು ತಪ್ಪು ತಿಳಿದು ಎದೆಗೆ ನಳಿಕೆ ಹಾಕಿದರೆ ಅಪಾಯ, ಸಿ.ಟಿ. ಸ್ಕ್ಯಾನ್ ಗೊಂದಲ ಬಿಡಿಸುತ್ತದೆ.

ಹುಟ್ಟಿನ ದೋಷವೇ ಆಗಿದ್ದರೂ ಮಗು ಆರಾಮಾಗಿ ಉಸಿರಾಡಿ, ಹಾಲು ಕುಡಿದು, ತೂಕ ಏರುತ್ತಿದ್ದರೆ ಕಾದು ನೋಡಬಹುದು. ಏದುಸಿರು ಹೆಚ್ಚಿದರೆ ಉಬ್ಬಿದ ಹಾಲೆಯನ್ನಷ್ಟೇ ತೆಗೆಯುತ್ತಾರೆ. ಉಳಿದದ್ದು ಹಿಗ್ಗಿ ಜಾಗ ತುಂಬುತ್ತದೆ. ತುಟಿ ನೀಲಿಯಾದರಂತೂ ತಡಮಾಡದೆ ಆಸ್ಪತ್ರೆಗೆ ಓಡಿ.