ಮಿದುಳನ್ನು ಅರಸುವ ಕಾಣದ ಬೆಳಕು

ಕತ್ತಲೆಯಲ್ಲಿ ಟಾರ್ಚಿನ ಗಾಜನ್ನು ಅಂಗೈಯಿಂದ ಮುಚ್ಚಿ ಆಡದ ಬಾಲಕರು ವಿರಳ. ಆಗ ಬೆರಳುಗಳ ಅಂಚು ಕೆಂಪಾಗಿ ಹೊಳೆಯುತ್ತದೆ. ಉಳಿದ ಬಣ್ಣಗಳನ್ನು ರಕ್ತವು ಬಹುಮಟ್ಟಿಗೆ ಹೀರಿಕೊಳ್ಳುತ್ತದೆ. ಕೆಂಪು ದಾಟಿ ಬರುತ್ತದೆ. ಕೆಂಪಿನಾಚೆಗಿರುವ, ಕಣ್ಣಿಗೆ ಕಾಣದ ಸಮೀಪ ಅವಕೆಂಪು ಕಿರಣಗಳು ಇನ್ನೂ ಆಳಕ್ಕೆ ಇಳಿಯಬಲ್ಲವು. ಅವುಗಳಿಂದ ತಲೆಬುರುಡೆಯ ಹೊರಗಿನಿಂದಲೇ ಮಿದುಳಿನ ಆಮ್ಲಜನಕದ ಸ್ಥಿತಿಯನ್ನು ಅರಿಯಬಹುದೆಂದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಫ್ರಾನ್ಸ್ ಯೋಬ್ಸಿಸ್ 1977ರಲ್ಲಿ ತೋರಿಸಿಕೊಟ್ಟರು.

ಇದರ ತತ್ತ್ವ ಸರಳವಾದುದು. ಮಿದುಳಿನ ಯಾವುದೇ ಭಾಗ ಕಾರ್ಯಪ್ರವೃತ್ತವಾದಾಗ ಅಲ್ಲಿಗೆ ಹೆಚ್ಚು ರಕ್ತ ಹರಿದುಬರುತ್ತದೆ. ಆಮ್ಲಜನಕವನ್ನು ಹೊತ್ತ ಹಿಮೋಗ್ಲೋಬಿನ್ ಹಾಗೂ ಅದನ್ನು ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಈ ಕಿರಣಗಳನ್ನು ಬೇರೆಬೇರೆ ಪ್ರಮಾಣದಲ್ಲಿ ಹೀರುತ್ತವೆ. ಎರಡು ತರಂಗಾಂತರಗಳ ಬೆಳಕನ್ನು ತಲೆಯ ಮೇಲೆ ಒಂದೆಡೆ ಹಾಯಿಸಿ, ಸುಮಾರು 3 ಸೆಂ.ಮೀ. ದೂರದಲ್ಲಿ ಮರಳಿ ಬಂದುದನ್ನು ಅಳೆದರೆ ಇವೆರಡರ ಏರಿಳಿತ ತಿಳಿಯುತ್ತದೆ.

ನೋವಿಲ್ಲದ, ಸದ್ದಿಲ್ಲದ ಈ ವಿಧಾನ ಎಳೆಯ ಶಿಶುಗಳಿಗೂ ಒಗ್ಗುತ್ತದೆ. ಇಟಲಿಯಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹುಟ್ಟಿ ಕೆಲವೇ ದಿನಗಳಾದ ಶಿಶುಗಳಿಗೆ ಸಹಜ ಮಾತನ್ನೂ, ಅದನ್ನೇ ಹಿಂದುಮುಂದಾಗಿಸಿದ ಧ್ವನಿಯನ್ನೂ ಕೇಳಿಸಲಾಯಿತು. ಸಹಜ ಮಾತಿಗೆ ಎಡಮಿದುಳು ಹೆಚ್ಚು ಸ್ಪಂದಿಸಿತು.

ಆದರೆ ಈ ಬೆಳಕು ಮಿದುಳಿನ ಹೊರಪದರವನ್ನಷ್ಟೇ ಮುಟ್ಟುತ್ತದೆ. ಅದು ಅಳೆಯುವುದು ರಕ್ತದ ಬದಲಾವಣೆಯನ್ನು, ಆಲೋಚನೆಯನ್ನಲ್ಲ. ಯಾವ ಭಾಷೆ ಮೇಲು, ಯಾವ ಮಗು ಜಾಣ ಎಂಬ ತೀರ್ಪನ್ನೂ ಅದು ನೀಡದು. ಅದು ತಿಳಿಸುವ ಮಾತು ಇಷ್ಟೆ: ಅಕ್ಷರ ಕಲಿಯುವ ಬಹು ಮೊದಲೇ, ತೊಟ್ಟಿಲಲ್ಲೇ ಮಗು ಮಾತಿಗೆ ಕಿವಿಗೊಟ್ಟಿರುತ್ತದೆ. ಗಡಿನಾಡಿನ ತಾಯ್ತಂದೆಯರು ಇದನ್ನು ಮನಗಾಣಬೇಕು. ಶಾಲೆಯ ಕನ್ನಡಕ್ಕೆ ಅಡಿಪಾಯ ಮನೆಯಲ್ಲಿ ಆಡುವ ಕನ್ನಡವೇ.